ಚಿಲ್ಲರೆ ಬಾಕಿ

ಮೂರನೇ ಸೆಮಿಸ್ಟರಿಗೆ ಕೊಟ್ಟದ್ದು ಒಂದೇ ಸಾಲು:
ಯಾರದಾದರೂ ಒಂದು ಕೈಯನ್ನು ಹದಿನೈದು ದಿನ ನೋಡಿ ಬನ್ನಿ.
ಶಮಾ ಮೇಡಂ ಹೆಚ್ಚೇನೂ ಹೇಳದೆ
ಕೈಗಂಟಿದ ಸುಣ್ಣದಪುಡಿ ಕೊಡವಿ ಹೋದರು.

ಅನ್ವಿತ್ ಪೆರ್ಡೂರಿನ ಕುಂಬಾರರಲ್ಲಿಗೆ ಹೋದ,
ರೆನಿಟಾ ಮಲ್ಪೆಗೆ, ಬಲೆ ಹೆಣೆಯುವವರ ಹತ್ತಿರ.
ನನಗೆ ಸೋಮಾರಿತನ. ದಿನಾ ಹತ್ತುವ ಬಸ್ಸೇ ಸಾಕೆಂದುಕೊಂಡೆ:
ಸ್ಟೇಟ್‌ಬ್ಯಾಂಕಿನಿಂದ ಏಳು ಹತ್ತಕ್ಕೆ ಹೊರಡುವ ಮಣಿಪಾಲದ ಎಕ್ಸ್‌ಪ್ರೆಸ್ಸು,
ಅದರ ಹಿಂಬಾಗಿಲು, ಬಾಗಿಲಲ್ಲಿ ಲೋಲಾಕ್ಷಣ್ಣ,
ಲೋಲಾಕ್ಷಣ್ಣನ ಎಡಗೈ.

ಉದ್ದಕ್ಕೆ ಮಡಚಿದ ನೋಟುಗಳು ಬೆರಳ ಸಂದಿಗಳಲ್ಲಿ.
ಮೊದಲ ಸಂದಿಗೆ ನೂರು, ಮತ್ತಿನದಕ್ಕೆ ಐವತ್ತು, ಕೊನೆಗೆ ಇಪ್ಪತ್ತು,
ಹತ್ತರವು ಮಾತ್ರ ಕಿರುಬೆರಳ ಮೇಲೆ
ಜಗಲಿಯಲ್ಲಿ ಮಲಗಿದವರ ಹಾಗೆ.

ಮೊದಲ ದಿನ ನಾನು ಬರೆದದ್ದು ಕೈಯಲ್ಲ, ಜಿಲೇಬಿ.
ಕೂಳೂರು ಸೇತುವೆಯಲ್ಲಿ ಗೆರೆ ಸೊಟ್ಟ,
ಪಣಂಬೂರಿನ ಟ್ಯಾಂಕರುಗಳ ನಡುವೆ ಇನ್ನೂ ಸೊಟ್ಟ.
ಸುರತ್ಕಲ್ಲಿನಿಂದ ಮುಲ್ಕಿಗೆ ನಲವತ್ತೊಂದು ಟಿಕೇಟು ಕೊಟ್ಟರು,
ಒಂದು ಸಲವೂ ಕೈ ನೋಡಿಕೊಳ್ಳಲಿಲ್ಲ.
ನೋಡಿದ್ದೆಲ್ಲ ಮುಖ. ಯಾರು ಇನ್ನೂ ಕೊಟ್ಟಿಲ್ಲ,
ಯಾರದು ಕಳ್ಳನಿದ್ದೆ,
ಯಾವ ಅಜ್ಜಿಗೆ ಪಡುಬಿದ್ರಿ ಬಂತೆಂದು ಹೇಳಬೇಕು.

ಎಂಟನೇ ದಿನಕ್ಕೆ ನನ್ನ ಪರಿಹಾರ ತಯಾರು.
ಸಮಸ್ಯೆ ಇನ್ನೂ ಸಿಕ್ಕಿರಲಿಲ್ಲ.
ಗಟ್ಟಿ ಫೋಮಿನಲ್ಲಿ ಕೆತ್ತಿದ, ಮುಂಗೈಗೆ ಕಟ್ಟುವ, ನಾಲ್ಕು ಖಾನೆಯ ಪಟ್ಟಿ,
ರಾತ್ರಿಯಿಡೀ ಸ್ಯಾಂಡ್‌ಪೇಪರು ತಿಕ್ಕಿ
ಮೂಲೆಗಳಿಗೆಲ್ಲ ಮೂರು ಮಿಲಿಮೀಟರ್ ದುಂಡು. ಬಣ್ಣ ಕಿತ್ತಳೆ.
ಅದಕ್ಕೊಂದು ಹೆಸರೂ ಇಟ್ಟಿದ್ದೆ, ಈಗ ಹೇಳಲು ನಾಚಿಕೆ.

ಕಟ್ಟಿಕೊಂಡರು ಪಾಪ, ಮುಲ್ಕಿಯಲ್ಲಿ.
ಶಾಂಭವಿ ಹೊಳೆಯ ಮೇಲೆ ಡ್ರೈವರ್ ಒಮ್ಮೆ ಬ್ರೇಕು ಹಾಕಿದ,
ಎಡಗೈ ತಾನಾಗಿ ಮೇಲಿನ ಕಂಬಿಗೆ ಹಾರಿತು,
ಪಟ್ಟಿ ಅಡ್ಡ ಬಂತು,
ಇಪ್ಪತ್ತರ ಎರಡು ನೋಟು ಕಿಟಕಿಯಿಂದ ಹೊಳೆಯ ಕಡೆ.

ಬಿಚ್ಚಿ ಕೊಟ್ಟರು, ನಿದ್ದೆಹೋದ ಮಗುವಿನ ಚಪ್ಪಲಿ ಬಿಚ್ಚುವಷ್ಟು ಮೆಲ್ಲ.
‘ಚಂದ ಉಂಟು ಮಾರಾಯ್ತಿ.
ಕೂತು ಕೆಲಸ ಮಾಡುವವರಿಗೆ ಆದೀತು.’
ನಲವತ್ತು ನಾನು ಕೊಡುತ್ತೇನೆಂದೆ.
ಕೇಳಿಸದವರ ಹಾಗೆ ಸಮುದ್ರದ ಕಡೆ ನೋಡಿದರು.

ಸುಮ್ಮನಿರಲಾಗದೆ ಕೇಳಿದೆ:
ಆ ಕಿರುಬೆರಳು ಎಂತಕ್ಕೆ ಯಾವಾಗಲೂ ನೇರ?
‘ಅದಾ? ಮಡಚುವುದಿಲ್ಲ ಅದು. ಹಳೇ ಬಸ್ಸಿನ ಬಾಗಿಲಿಗೆ ಸಿಕ್ಕಿದ್ದು, ಉಚ್ಚಿಲದಲ್ಲಿ.
ಮೂರು ತಿಂಗಳು ಮನೆಯಲ್ಲಿ ಕೂತೆ.
ಮತ್ತೆ ಬಂದು ನೋಡಿದರೆ ಹತ್ತರ ನೋಟಿಗೆ ಒಳ್ಳೇ ಜಾಗ ಆಗಿತ್ತು.’
ಸೀಟಿ. ರೈಟ್, ಪೋಯಿ.

ಎಂಟು ದಿನ ಆ ಬೆರಳನ್ನು ಬರೆದಿದ್ದೆ.
ಪ್ರತಿ ಪುಟದಲ್ಲೂ ಅದು ನೇರವಾಗಿಯೇ ಬಂದಿತ್ತು,
ಪ್ರತಿ ಸಲ ನನ್ನ ಗೆರೆಯೇ ತಪ್ಪೆಂದು
ರಬ್ಬರಿನಲ್ಲಿ ಉಜ್ಜಿ
ಬಗ್ಗಿಸಿದ್ದೆ.

ಉಳಿದ ಏಳು ದಿನ ಕೈ ಬಿಟ್ಟು ಬಾಗಿಲು ನೋಡಿದೆ.
ತಗಡಿನ ಅಂಚಿಗೂ ಹಿಡಿಕೆಗೂ ಸಂದು ಎಷ್ಟು,
ಅದರಲ್ಲಿ ಒಂದು ಬೆರಳು ಹೇಗೆ ಸರಿಯಾಗಿ ಹಿಡಿಯುತ್ತದೆ,
ಸ್ಕೇಲು ಹಿಡಿದು ಅಳೆಯುವಾಗ ಕಾಲೇಜು ಹುಡುಗರು ನಕ್ಕರು.
ಕೊನೆಗೆ ಒಪ್ಪಿಸಿದ್ದು ಒಂದೂವರೆ ಇಂಚು ಅಗಲದ ರಬ್ಬರ್ ಪಟ್ಟಿ.
‘ಇಷ್ಟೇನಾ?’ ಕೇಳಿದರು ಶಮಾ ಮೇಡಂ.
ಇಷ್ಟೇ ಮೇಡಂ.
ಅವರು ಬಹಳ ಹೊತ್ತು ಅದರ ನಡುವೆ ತಮ್ಮ ಬೆರಳಿಟ್ಟು
ಒತ್ತಿ ಒತ್ತಿ ನೋಡಿದರು.
ಮಾರ್ಕು ಹೆಚ್ಚೇನೂ ಬರಲಿಲ್ಲ.

ಬಸ್ಸಿನ ಧಣಿಗೂ ತೋರಿಸಿದೆ. ‘ನೋಡುವ’ ಅಂದರು.
ನಮ್ಮೂರಲ್ಲಿ ‘ನೋಡುವ’ ಎಂದರೆ ಏನೆಂದು
ಯಾರಿಗೂ ಕಲಿಸಬೇಕಾಗಿಲ್ಲ.
ಮರುವಾರ ಹತ್ತುವಾಗ ಬಾಗಿಲ ಅಂಚಿಗೆ
ಹಳೇ ಸೈಕಲ್ ಟ್ಯೂಬು ಸುತ್ತಿತ್ತು, ತಂತಿಯಲ್ಲಿ ಬಿಗಿದು,
ನನ್ನದಕ್ಕಿಂತ ಗಟ್ಟಿ.

ಸ್ಕೆಚ್‌ಬುಕ್ಕಿನ ಕೊನೇ ಪುಟಕ್ಕೆ ಒಂದು ಟಿಕೇಟು ಅಂಟಿಸಿದ್ದೇನೆ,
ಬೆನ್ನು ಮೇಲಾಗಿ.
ನೀಲಿ ಪೆನ್ನಿನಲ್ಲಿ ೩, ಕೆಳಗೆ ಗೆರೆ.
ಕಟಪಾಡಿಯ ಹೊಂಡದಲ್ಲಿ ಬರೆದದ್ದಾದ್ದರಿಂದ ಸ್ವಲ್ಪ ಹಾರಿದೆ.
ಅವರು ನನಗೆ ಮೂರು ರೂಪಾಯಿ ಕೊಡಬೇಕು,
ನಾನು ಅವರಿಗೆ ನಲವತ್ತು.
ಇಬ್ಬರೂ ಕೇಳುವುದಿಲ್ಲ.
ನಾಳೆ ಏಳು ಹತ್ತಕ್ಕೆ ಮತ್ತೆ ಸಿಗುವುದುಂಟಲ್ಲ.